ಮಗು ಆದ ಮೇಲೆ ಕೋಡಿಂಗ್ ಬಿಟ್ಟು "ಹಗುರ" ಕೆಲಸಕ್ಕೆ ಹೋಗಬೇಕಾ?

ಪ್ರಶ್ನೆ: ಮೇಡಂ, ನಾನು ಬ್ಯಾಕೆಂಡ್ ಡೆವಲಪರ್ (ತೆರೆಯ ಹಿಂದೆ ಸರ್ವರ್‌ನಲ್ಲಿ ಓಡುವ ಕೋಡ್ ಬರೆಯುವವಳು), ಒಂಬತ್ತು ವರ್ಷದ ಅನುಭವ ಇದೆ. ಹೆರಿಗೆ ರಜೆ ಮುಗಿಸಿ ವಾಪಸ್ ಬಂದು ಕೆಲವು ತಿಂಗಳಾಯ್ತು. ಹಗಲಿನ ಕೆಲಸ ಹೇಗೋ ನಡೆಯುತ್ತಿದೆ. ಆದರೆ ಆನ್‌ಕಾಲ್ ವಾರ (ಸಿಸ್ಟಂ ಕೆಟ್ಟರೆ ಹಗಲು ರಾತ್ರಿ ಅನ್ನದೆ ನಾನೇ ನೋಡಬೇಕಾದ ಸರದಿ) ಬಂತು ಅಂದರೆ ಸಾಕು, ಜೀವ ಹಿಂಡಿದ ಹಾಗಾಗುತ್ತದೆ. ರಾತ್ರಿ ಎರಡಕ್ಕೆ ಅಲರ್ಟ್ ಬರುತ್ತದೆ, ಆ ಸದ್ದಿಗೆ ಮಗು ಏಳುತ್ತದೆ, ನಾನು ಒಂದು ಕೈಯಲ್ಲಿ ಲ್ಯಾಪ್‌ಟಾಪ್ ತೆರೆದು ಲಾಗ್ (ಸಿಸ್ಟಂನಲ್ಲಿ ಏನಾಯಿತು ಅನ್ನುವ ದಾಖಲೆ) ನೋಡುತ್ತಾ ಇನ್ನೊಂದು ಕೈಯಲ್ಲಿ ಮಗುವನ್ನು ತಟ್ಟುತ್ತಾ ಕೂತಿರುತ್ತೇನೆ. ಮ್ಯಾನೇಜರ್ ಒಳ್ಳೆಯವರೇ. "ಸ್ವಲ್ಪ ದಿನ ಪ್ರಾಜೆಕ್ಟ್ ಕೋಆರ್ಡಿನೇಶನ್ ನೋಡಿಕೊಳ್ಳಿ, ಟೆನ್ಷನ್ ಇರಲ್ಲ" ಅಂದಿದ್ದಾರೆ. ಒಪ್ಪಿಕೊಳ್ಳಲಾ?

ಉತ್ತರ: ಸದ್ಯಕ್ಕೆ ಒಪ್ಪಿಕೊಳ್ಳಬೇಡಿ. ನಿಮಗೆ ಆ ಕೆಲಸವೇ ಇಷ್ಟ ಅಂದರೆ ಬೇರೆ ಮಾತು. ಆದರೆ ನೀವು ಬರೆದಿದ್ದರಲ್ಲಿ ಕೋಡ್ ಬಗ್ಗೆ ಒಂದು ದೂರೂ ಇಲ್ಲ, ಇರುವುದೆಲ್ಲ ರಾತ್ರಿ ಎರಡು ಗಂಟೆಯ ಬಗ್ಗೆ. ಹಾಗಿದ್ದ ಮೇಲೆ ಬದಲಾಗಬೇಕಾದ್ದು ಆನ್‌ಕಾಲ್, ನಿಮ್ಮ ಹುದ್ದೆ ಅಲ್ಲ ಅಲ್ವಾ?

ನಾನು ಬಹಳ ವರ್ಷದಿಂದ ಎಂಜಿನಿಯರಿಂಗ್ ಟೀಮ್ ನಡೆಸುತ್ತಿದ್ದೇನೆ, ಎರಡು ಮಕ್ಕಳ ತಾಯಿ ಕೂಡ. ನಾನು ನೋಡಿದ ಹಾಗೆ ಹೆಣ್ಣುಮಕ್ಕಳನ್ನು ಸುಸ್ತು ಮಾಡುವುದು ಕೆಲಸದ ಗಂಟೆಗಳಿಗಿಂತ ಜಾಸ್ತಿ, ಯಾವಾಗ ಕರೆ ಬರುತ್ತದೋ ಗೊತ್ತಿಲ್ಲ ಅನ್ನುವ ಸ್ಥಿತಿ. 2023ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಕ್ಲಾಡಿಯಾ ಗೋಲ್ಡಿನ್ ಇದನ್ನೇ ವರ್ಷಗಟ್ಟಲೆ ಅಧ್ಯಯನ ಮಾಡಿದವರು. ಯಾವ ಕೆಲಸದಲ್ಲಿ ಕರೆದಾಗೆಲ್ಲ ಸಿಗುವವರಿಗೆ ಸಂಬಳ ವಿಪರೀತ ಜಾಸ್ತಿಯೋ, ಅಲ್ಲಿ ಮಕ್ಕಳಾದ ಮೇಲೆ ತಾಯಂದಿರು ಹಿಂದೆ ಬೀಳುತ್ತಾರೆ. ಅವರು ಕೊಡುವ ಎದುರು ಉದಾಹರಣೆ ಅಮೆರಿಕದ ಔಷಧ ಅಂಗಡಿಯ ಫಾರ್ಮಸಿಸ್ಟ್‌ಗಳದು. ರೋಗಿಯ ವಿವರವೆಲ್ಲ ಕಂಪ್ಯೂಟರಿನಲ್ಲಿ ಇರುವುದರಿಂದ ಒಬ್ಬರು ಎದ್ದುಹೋದರೆ ಇನ್ನೊಬ್ಬರು ಅಲ್ಲಿಂದಲೇ ಮುಂದುವರಿಸಬಹುದು. ಅಲ್ಲಿ ಹೆಣ್ಣು ಗಂಡಿನ ಸಂಬಳದ ಅಂತರ ಬಹಳ ಕಡಿಮೆ.

ಸಾಫ್ಟ್‌ವೇರ್ ಕೆಲಸವನ್ನೂ ಹಾಗೆ ಮಾಡಬಹುದು, ನಾವು ಮಾಡುವುದಿಲ್ಲ ಅಷ್ಟೇ. ಯಾವುದೋ ಸರ್ವಿಸ್ ಬಿದ್ದರೆ ಅದನ್ನು ಎಬ್ಬಿಸುವ ವಿದ್ಯೆ ಒಬ್ಬರ ತಲೆಯಲ್ಲಿ ಮಾತ್ರ ಇರುತ್ತದೆ. ಅವರು ರಜೆ ಹಾಕಿದರೂ ಫೋನ್ ಬರುತ್ತದೆ. ಆ ಒಬ್ಬರು ನೀವಾಗಿದ್ದರೆ ಅದು ಹೆಮ್ಮೆಯ ವಿಷಯ ಅಂತ ಅಂದುಕೊಳ್ಳಬೇಡಿ.

ಮ್ಯಾನೇಜರ್ ಹತ್ತಿರ "ಕೆಲಸ ಕಡಿಮೆ ಮಾಡಿ" ಅಂತ ಕೇಳಬೇಡಿ. ಹಾಗೆ ಕೇಳಿದರೆ ಅವರು ಒಳ್ಳೆಯ ಮನಸ್ಸಿನಿಂದಲೇ ನಿಮ್ಮ ಕೈಯಿಂದ ಒಳ್ಳೆಯ ಕೆಲಸವನ್ನೇ ಕಿತ್ತುಕೊಳ್ಳುತ್ತಾರೆ. ಹೀಗೆ ಹೇಳಿ: "ಮುಂದಿನ ಆರು ತಿಂಗಳು ರಾತ್ರಿಯ ಆನ್‌ಕಾಲ್ ಬೇಡ, ಬದಲಿಗೆ ಹಗಲಿನ ಪಾಳಿ ಜಾಸ್ತಿ ತೆಗೆದುಕೊಳ್ಳುತ್ತೇನೆ, ಆನ್‌ಕಾಲ್ ಹೊರೆ ಇಳಿಸುವ ಕೆಲಸವನ್ನೂ ನಾನೇ ಹೊರುತ್ತೇನೆ." ಆಮೇಲೆ ಹಳೆಯ ಅಲರ್ಟ್‌ಗಳ ಪಟ್ಟಿ ತೆಗೆದು ನೋಡಿ. ಡಿಸ್ಕ್ 80% ತುಂಬಿತು ಅಂತ ನಡುರಾತ್ರಿ ಎಬ್ಬಿಸುವ ಅಲರ್ಟ್ ಬೆಳಿಗ್ಗೆವರೆಗೆ ಕಾಯಬಹುದಿತ್ತಲ್ವಾ? ಇಂಥವು ಎಷ್ಟೋ ಸಿಗುತ್ತವೆ. ಅವನ್ನು ಟಿಕೆಟ್ ಮಾಡಿ (ಆಮೇಲೆ ಮಾಡುವ ಕೆಲಸಗಳ ಪಟ್ಟಿಗೆ ಸೇರಿಸಿ), ಪೇಜರ್‌ನಿಂದ, ಅಂದರೆ ರಾತ್ರಿ ಎಬ್ಬಿಸುವ ವ್ಯವಸ್ಥೆಯಿಂದ ತೆಗೆಯಿರಿ. ಉಳಿದದ್ದಕ್ಕೆ ರನ್‌ಬುಕ್ (ಏನು ಕೆಟ್ಟರೆ ಏನು ಮಾಡಬೇಕು ಅನ್ನುವ ಕೈಪಿಡಿ) ಬರೆಯಿರಿ: ಯಾವ ಡ್ಯಾಶ್‌ಬೋರ್ಡ್ ನೋಡಬೇಕು, ಯಾವ ಕಮಾಂಡ್ ಹೊಡೆಯಬೇಕು, ರೋಲ್‌ಬ್ಯಾಕ್ (ಹಿಂದಿನ ಆವೃತ್ತಿಗೆ ವಾಪಸ್ ಹೋಗುವುದು) ಹೇಗೆ. ಟೀಮಿಗೆ ಹೋದ ತಿಂಗಳು ಸೇರಿದವರು ನಿದ್ದೆಗಣ್ಣಲ್ಲಿ ಓದಿದರೂ ಅರ್ಥ ಆಗಬೇಕು. ಇದು ಡೆವಲಪರ್ ಕೆಲಸವೇ. ಇಡೀ ಟೀಮ್ ನೆಮ್ಮದಿಯಾಗಿ ಮಲಗುತ್ತದೆ, ಅಪ್ರೈಸಲ್‌ನಲ್ಲಿ ಅಂಕಿ ಸಮೇತ ತೋರಿಸಲೂ ಬರುತ್ತದೆ.

ಕೋಆರ್ಡಿನೇಶನ್ ಬಗ್ಗೆ ಇನ್ನೊಂದು ಮಾತು. ಮೀಟಿಂಗ್ ನೋಟ್ಸ್, ಹೊಸಬರಿಗೆ ದಾರಿ ತೋರಿಸುವುದು, ನಾಲ್ಕು ಟೀಮಿನ ಹಿಂದೆ ಬಿದ್ದು ಕೆಲಸ ಮಾಡಿಸುವುದು, ಇವೆಲ್ಲ ಬೇಕಾದ ಕೆಲಸಗಳೇ. ಆದರೆ ಬಡ್ತಿ ಕೊಡುವಾಗ "ಟೆಕ್ನಿಕಲ್ ಆಗಿ ಏನು ಮಾಡಿದ್ದಾರೆ?" ಅಂತ ಕೇಳುವವರೂ ಈ ಕೆಲಸ ಕೊಟ್ಟವರೇ. ಎರಡು ವರ್ಷ ಬಿಟ್ಟು ಕೋಡಿಂಗ್‌ಗೆ ವಾಪಸ್ ಬರುವುದು ಸುಮ್ನೆ ಹೇಳಿದಷ್ಟು ಸುಲಭ ಅಲ್ಲ.

ಪ್ರಶ್ನೆ ಕೇಳಿದವರು: ಸರಿ ಮೇಡಂ, ಆಫೀಸ್ ಕಥೆ ಅರ್ಥ ಆಯ್ತು. ಮನೆಯಲ್ಲಿ? ನನ್ನ ಗಂಡನೂ ಇದೇ ಫೀಲ್ಡ್. "ಏನು ಬೇಕು ಹೇಳು, ಮಾಡ್ತೀನಿ" ಅನ್ನುತ್ತಾರೆ, ಹೇಳಿದ್ದನ್ನು ಮಾಡುತ್ತಾರೆ ಕೂಡ. ಆದರೂ ತಲೆ ಖಾಲಿ ಅನ್ನಿಸುವುದೇ ಇಲ್ಲ.

ಉತ್ತರ: ಹೇಳುವ ಕೆಲಸ ನಿಮ್ಮ ಹತ್ತಿರವೇ ಉಳಿಯಿತಲ್ಲ, ಅದಕ್ಕೇ. ಡೇಕೇರ್ ಫಾರಂ ತೆಗೆದು ನೋಡಿ, ಮೊದಲ ನಂಬರ್ ಯಾರದು? ನಿಮ್ಮದೇ ಇರುತ್ತದೆ. ಅಂದರೆ ಆಫೀಸಿನಲ್ಲಿ ಆನ್‌ಕಾಲ್ ವಾರಕ್ಕೊಬ್ಬರದು, ಮನೆಯಲ್ಲಿ ಮಾತ್ರ ಖಾಯಂ ನಿಮ್ಮದು. ಮೊದಲು ನಿಮ್ಮ ಗಂಡನ ನಂಬರ್ ಹಾಕಿಸಿ. ಮಗುವಿನ ಲಸಿಕೆಯ ಜವಾಬ್ದಾರಿ ಅವರಿಗೆ ಕೊಡುವುದಾದರೆ ಪೂರ್ತಿ ಕೊಡಿ. ತಾರೀಖು ನೆನಪಿಡುವುದು, ಡಾಕ್ಟರ್ ಅಪಾಯಿಂಟ್‌ಮೆಂಟ್, ಆಮೇಲೆ ಬರುವ ಜ್ವರ, ಅಷ್ಟೂ ಅವರದೇ. ನೀವು ನಡುವೆ ನೆನಪು ಮಾಡಬಾರದು. ಮೊದಮೊದಲು ಕೈ ತುರಿಸುತ್ತದೆ, ತಡೆದುಕೊಳ್ಳಿ.

ಇನ್ನೊಬ್ಬರು: ನಾನು ಟೀಮ್ ಲೀಡ್, ಗಂಡಸು. ಒಂದು ಸಂಶಯ. ಪಾರ್ಟ್‌ಟೈಮ್, ಮನೆಯಿಂದ ಕೆಲಸ ಅಂತ ಎಲ್ಲರಿಗೂ ಬಿಟ್ಟರೆ ಗಂಭೀರ ಪ್ರಾಜೆಕ್ಟ್ ಮುಗಿಯುತ್ತದಾ?

ಉತ್ತರ: 1962ರಲ್ಲಿ ಬ್ರಿಟನ್ನಿನಲ್ಲಿ ಸ್ಟೆಫನಿ ಶರ್ಲಿ ಅನ್ನುವವರು ಫ್ರೀಲ್ಯಾನ್ಸ್ ಪ್ರೋಗ್ರಾಮರ್ಸ್ ಅನ್ನುವ ಕಂಪನಿ ಶುರು ಮಾಡಿದರು. ಮಕ್ಕಳಾದ ಮೇಲೆ ಕೆಲಸ ಬಿಟ್ಟ ಪ್ರೋಗ್ರಾಮರ್‌ಗಳೇ ಅವರ ಬಲ, ಮನೆಯಲ್ಲೇ ಕೂತು ಹಾಳೆಯ ಮೇಲೆ ಪೆನ್ಸಿಲ್‌ನಲ್ಲಿ ಪ್ರೋಗ್ರಾಂ ಬರೆಯುತ್ತಿದ್ದರು. ಗ್ರಾಹಕರು ಹೆಂಗಸಿನ ಹೆಸರು ಕಂಡರೆ ಉತ್ತರಿಸುವುದಿಲ್ಲ ಅಂತ ಶರ್ಲಿ ಪತ್ರಕ್ಕೆ "ಸ್ಟೀವ್" ಅಂತ ಸಹಿ ಹಾಕತೊಡಗಿದರು. ಕಾಂಕಾರ್ಡ್ ವಿಮಾನದ ಬ್ಲಾಕ್ ಬಾಕ್ಸ್ ಪ್ರೋಗ್ರಾಂ ಮಾಡಿದ್ದು ಈ ಗುಂಪೇ. ಕೋಡ್ ಹಂಚಿಕೊಳ್ಳಲು ಗಿಟ್ ಇಲ್ಲ, ವಿಡಿಯೋ ಕಾಲ್ ಇಲ್ಲ. ನಿಮ್ಮ ಪ್ರಾಜೆಕ್ಟ್ ಅದಕ್ಕಿಂತ ಗಂಭೀರವಾ ಸಾರ್?

ತಮಾಷೆ ಬಿಡಿ. ಸಂಜೆ ಆರರ ಮೇಲಿನ ಸ್ಟಾಂಡಪ್ (ಟೀಮಿನ ದಿನದ ಚಿಕ್ಕ ಮೀಟಿಂಗ್) ನಿಲ್ಲಿಸಿ. ನಿರ್ಧಾರಗಳನ್ನು ಬರೆದಿಡಿ, ಕಾಲ್‌ಗೆ ಬರಲು ಆಗದವರು ಆಮೇಲೆ ಓದಿ ಅಭಿಪ್ರಾಯ ಹೇಳಲಿ. ಪುಲ್ ರಿಕ್ವೆಸ್ಟ್ (ಪರಿಶೀಲನೆಗೆ ಕಳಿಸುವ ಕೋಡ್ ಬದಲಾವಣೆ) ಚಿಕ್ಕದಾಗಿರಲಿ, ಅರ್ಧ ದಿನ ಯಾರಾದರೂ ಎದ್ದು ಹೋಗಬೇಕಾದರೆ ಬೇರೆಯವರು ಎತ್ತಿಕೊಳ್ಳುವಷ್ಟು. ಮತ್ತೆ ನಿಮ್ಮ ಟೀಮಿನ ಗಂಡಸರು ಮಗುವಿನ ರಜೆ ಕೇಳಿದರೆ ಹುಬ್ಬೇರಿಸದೆ ಪೂರ್ತಿ ಕೊಡಿ. ನಿಮಗೇ ಚಿಕ್ಕ ಮಕ್ಕಳಿದ್ದರೆ ಮೊದಲು ನೀವೇ ತೆಗೆದುಕೊಳ್ಳಿ.