ಮಾರುತಿ 800 ಒಳಗೆ ಗಗನನೌಕೆ ಮಾಡಬೇಕು: ಲೈಟು, ಸೌಂಡು, ಮಾತಾಡೋ ಡ್ಯಾಶ್‌ಬೋರ್ಡು. ಎಲ್ಲಿಂದ ಶುರು ಮಾಡಲಿ?

ಹಳೇ_ಎಂಟುನೂರು, ಹಾಸನ

ಎಲ್ಲರಿಗೂ ನಮಸ್ಕಾರ. ಮನೆಯಲ್ಲಿ ಹಳೇ ಮಾರುತಿ 800 ಇದೆ, ಕಾರ್ಬ್ಯುರೇಟರ್ ಮಾಡೆಲ್. ಅಪ್ಪ ಮಾರಿಬಿಡೋಣ ಅಂದರು, ಬಂದವರು ಕೇಳಿದ ರೇಟಿಗೆ ಒಂದು ಒಳ್ಳೆ ಫೋನೂ ಬರಲ್ಲ, ಹಾಗಾಗಿ ನಾನೇ ಇಟ್ಟುಕೊಂಡೆ. ಎಂಜಿನ್ ಚೆನ್ನಾಗಿದೆ. ಈಗ ಅದನ್ನ ಒಳಗಿಂದ ಗಗನನೌಕೆ ಥರ ಮಾಡಬೇಕು ಅಂತ ಆಸೆ. ಅಂಗಡಿಯ ರೆಡಿಮೇಡ್ ನೀಲಿ ಲೈಟು ಬೇಡ, ಎಲ್ಲಾ ನಾನೇ ಮಾಡಿದ್ದು ಇರಬೇಕು.

ತಲೆಯಲ್ಲಿ ಇರೋದು ಇಷ್ಟು. ಮುಂದೆ ಗ್ರಿಲ್ ಒಳಗೆ ಎಡಕ್ಕೂ ಬಲಕ್ಕೂ ಓಡೋ ಕೆಂಪು ಲೈಟು, ಎಂಬತ್ತರ ದಶಕದ ಟಿವಿಯಲ್ಲಿ ಮಾತಾಡೋ ಕಪ್ಪು ಕಾರಿಗೆ ಇತ್ತಲ್ಲ ಅದು. ಡ್ಯಾಶ್ ಮೇಲೆ ವಿಮಾನದಲ್ಲಿ ಇರೋ ಥರ ಮುಚ್ಚಳ ಇರೋ ಟಾಗಲ್ ಸ್ವಿಚ್‌ಗಳು. ಡಿಜಿಟಲ್ ಸ್ಪೀಡೋಮೀಟರ್. ಗಾಡಿ ಸ್ಟಾರ್ಟ್ ಮಾಡಿದ ತಕ್ಷಣ ಕನ್ನಡದಲ್ಲಿ ರೋಬೋ ದನಿ ಮಾತಾಡಬೇಕು. ಆಮೇಲೆ ಒಳ್ಳೆ ಬೇಸ್.

ಕೈಯಲ್ಲಿ ಇರೋದು ಒಂದು ಇಎಸ್‌ಪಿ32 ಬೋರ್ಡು (ಕೋಡ್ ಹಾಕಿ ಓಡಿಸೋ ಪುಟ್ಟ ಕಂಪ್ಯೂಟರ್), ಒಂದು ಮೀಟರ್ ಡಬ್ಲ್ಯೂಎಸ್2812ಬಿ ಎಲ್‌ಇಡಿ ಸ್ಟ್ರಿಪ್, ಮೀಟರಿಗೆ 60 ಲೈಟಿನದು, ಒಂದೊಂದು ಲೈಟನ್ನೂ ಕೋಡಿಂದ ಬೇರೆ ಬೇರೆ ಉರಿಸಬಹುದು, ಮತ್ತೆ ಒಂದು ಎಲ್‌ಎಂ2596 ಮಾಡ್ಯೂಲು, ವೋಲ್ಟೇಜ್ ಇಳಿಸೋದು. ಕೋಡ್ ಬರೆಯೋಕೆ ಬರುತ್ತೆ, ಬೆಸುಗೆ ಹಾಕೋಕೂ ಬರುತ್ತೆ. ಕಾರಿನ ವೈರಿಂಗ್ ಮಾತ್ರ ಗೊತ್ತಿಲ್ಲ. ಕರೆಂಟ್ ಎಲ್ಲಿಂದ ತಗೊಳ್ಳಲಿ? ಸಿಗರೇಟ್ ಲೈಟರ್ ಸಾಕಾ? ಬಜೆಟ್ 15,000ದ ಒಳಗೆ.

ಎಸ್‌ಪಿ_ರೋಡ್_ಸುತ್ತೋನು, ಬೆಂಗಳೂರು

ಒಳ್ಳೆ ಪ್ರಾಜೆಕ್ಟ್ ಗುರು. 800 ಇದಕ್ಕೆ ಬಹಳ ಒಳ್ಳೆ ಗಾಡಿ. ಒಳಗೆ ಕೆಡಿಸೋಕೆ ಕಂಪ್ಯೂಟರ್ ಇಲ್ಲ, ಏರ್‌ಬ್ಯಾಗ್ ಇಲ್ಲ. ಹೊಸ ಗಾಡಿಯಲ್ಲಿ ಪಿಲ್ಲರ್ ಒಳಗೆ ವೈರ್ ಎಳೆಯೋ ಮುಂಚೆ ಎರಡು ಸಲ ಯೋಚನೆ ಮಾಡಬೇಕು, ನಿಮಗೆ ಆ ಕಾಟ ಇಲ್ಲ.

ಲೈಟು ಆಮೇಲೆ. ಮೊದಲು ಕರೆಂಟಿನ ಕೆಲಸ ಮುಗಿಸಿ. ಕಾರಲ್ಲಿ 12 ವೋಲ್ಟ್ ಅನ್ನೋದು ಸುಮ್ನೆ ಬಾಯಿಮಾತು. ನಿಂತಾಗ 12.6 ಇರುತ್ತೆ, ಎಂಜಿನ್ ಓಡುವಾಗ 13.8ರಿಂದ 14.4, ಸೆಲ್ಫ್ ಹೊಡೆಯುವಾಗ ಎಂಟಕ್ಕೋ ಅದಕ್ಕಿಂತ ಕೆಳಕ್ಕೋ ಬೀಳುತ್ತೆ. ಎಂಜಿನ್ ಓಡುತ್ತಿರುವಾಗ ಬ್ಯಾಟರಿ ಟರ್ಮಿನಲ್ ಸಡಿಲ ಆದರೆ ಒಂದು ಕ್ಷಣ 40 ವೋಲ್ಟಿಗೂ ಮೇಲೆ ಹೋಗಬಹುದು, ನಿಮ್ಮ ಎಲ್‌ಎಂ2596 ತಡೆಯೋದು 40ರ ತನಕ ಮಾತ್ರ. ಅದರ ಇನ್‌ಪುಟ್‌ಗೆ ಅಡ್ಡಲಾಗಿ 1.5ಕೆಇ20ಎ ಅನ್ನೋ ಟಿವಿಎಸ್ ಡಯೋಡ್ ಹಾಕಿ, ವೋಲ್ಟೇಜ್ ದಿಢೀರ್ ಏರಿದರೆ ಅದು ತಡೆಯುತ್ತೆ. ಬೈಕ್ ಕಂಪನಿ ಅಲ್ಲ, ಇಲ್ಲಿ ಎಲೆಕ್ಟ್ರಾನಿಕ್ಸ್ ಅಂಗಡಿಗಳಿರೋ ಎಸ್‌ಪಿ ರೋಡಲ್ಲಿ ಕೇಳಿದರೆ ಕೊಡ್ತಾರೆ.

ಸಿಗರೇಟ್ ಲೈಟರ್ ಪರೀಕ್ಷೆಗೆ ಮಾತ್ರ ಸರಿ. ಪರ್ಮನೆಂಟ್ ಆಗಿ ಬ್ಯಾಟರಿ ಪಾಸಿಟಿವ್‌ನಿಂದ ಬೇರೆ ವೈರ್ ಎಳೆಯಿರಿ, 1.5 ಚದರ ಮಿಲಿಮೀಟರ್ ಸಾಕು, 10 ಆಂಪ್ ಫ್ಯೂಸ್. ಫ್ಯೂಸ್ ಇರಬೇಕಾದ್ದು ಬ್ಯಾಟರಿಯಿಂದ ಒಂದು ಗೇಣಿನ ಒಳಗೆ. ತುಂಬಾ ಜನ ಡ್ಯಾಶ್ ಕೆಳಗೆ ಹಾಕ್ತಾರೆ, ಅದರಿಂದ ಏನೂ ಉಪಯೋಗ ಇಲ್ಲ. ಫ್ಯೂಸ್ ಕಾಯೋದು ಗ್ಯಾಜೆಟ್ಟನ್ನ ಅಲ್ಲ, ವೈರನ್ನ. ಎಂಜಿನ್ ಕಡೆಯಿಂದ ಒಳಗೆ ಬರುವ ತಗಡಿನ ತೂತಲ್ಲಿ ಇನ್ಸುಲೇಶನ್ ಸವೆದು ಬಾಡಿಗೆ ತಾಗಿದರೆ, ಫ್ಯೂಸ್ ಅದಕ್ಕಿಂತ ಮುಂಚೆ ಇದ್ದರೆ ಮಾತ್ರ ಹಾರುತ್ತೆ, ಇಲ್ಲ ಅಂದರೆ ವೈರೇ ಉರಿಯುತ್ತೆ. ಆ ತೂತಿಗೆ ರಬ್ಬರ್ ಬುಷ್ ಮರೀಬೇಡಿ.

ಆಮೇಲೆ ಒಂದು ರಿಲೇ, ಅಂದರೆ ಕರೆಂಟಿನಿಂದ ಓಡೋ ಸ್ವಿಚ್ಚು. ಅದರ ಕಾಯಿಲ್ ಇಗ್ನಿಷನ್ ಕೀಗೆ. ಕೀ ತೆಗೆದರೆ ಎಲ್ಲಾ ಸತ್ತುಹೋಗಬೇಕು. ಕೀ ತೆಗೆದಮೇಲೂ 200 ಮಿಲಿಆಂಪ್ ಎಳೆಯುತ್ತಿದ್ದರೆ ಏನು ಮಹಾ ಅನ್ನಿಸುತ್ತೆ, ಆದರೆ ಒಂದು ವಾರ ಗಾಡಿ ತೆಗೆಯದೆ ಇದ್ದರೆ 33 ಆಂಪ್-ಅವರ್ ಆಗುತ್ತೆ. ನಿಮ್ಮ ಬ್ಯಾಟರಿ ಇರೋದೇ 35ರ ಆಸುಪಾಸು.

ಸ್ಟ್ರಿಪ್ ಲೆಕ್ಕ: ಪೂರ್ತಿ ಬಿಳಿ ಉರಿದರೆ ಒಂದು ಎಲ್‌ಇಡಿಗೆ 60 ಮಿಲಿಆಂಪ್ ತನಕ, 60ಕ್ಕೆ 3.6 ಆಂಪ್. ನಿಮ್ಮ ಮಾಡ್ಯೂಲ್ 3 ಆಂಪಿನದು, ಅದೂ ಹೀಟ್‌ಸಿಂಕ್ ಇದ್ದರೆ. ಆದರೆ ಬರೀ ಕೆಂಪು, ಒಂದು ಸಲಕ್ಕೆ ಎಂಟು ಹತ್ತು ಲೈಟು ಅಂದರೆ 200 ಮಿಲಿಆಂಪಲ್ಲಿ ಮುಗೀತು. ಕೋಡಲ್ಲೇ ಬ್ರೈಟ್‌ನೆಸ್ ಕಟ್ಟಿಹಾಕಿ. ಇಎಸ್‌ಪಿ32 ಕೊಡೋದು 3.3 ವೋಲ್ಟ್ ಸಿಗ್ನಲ್, ಸ್ಟ್ರಿಪ್ 5 ವೋಲ್ಟಲ್ಲಿ ಓಡುವಾಗ ಕೇಳೋದು 3.5. ಮೇಜಿನ ಮೇಲೆ ಕೆಲಸ ಮಾಡುತ್ತೆ, ಕಾರಲ್ಲಿ ಮಿಣಮಿಣ ಅನ್ನುತ್ತೆ. ಮಧ್ಯೆ ಸಿಗ್ನಲ್ಲನ್ನ 5 ವೋಲ್ಟಿಗೆ ಏರಿಸೋ 74ಎಎಚ್‌ಸಿಟಿ125 ಚಿಪ್ ಹಾಕಿ. ಡೇಟಾ ವೈರಲ್ಲಿ 330 ಓಮ್ ರೆಸಿಸ್ಟರ್, ಸ್ಟ್ರಿಪ್ ಬುಡದಲ್ಲಿ 1000 ಮೈಕ್ರೋಫ್ಯಾರಡ್ ಕೆಪಾಸಿಟರ್.

ವಕೀಲ_ಅಲ್ಲ, ತುಮಕೂರು

ಮೇಲಿನವರು ಎಲ್ಲಾ ಹೇಳಿದರು, ಗ್ರಿಲ್ ಒಳಗಿನ ಕೆಂಪು ಲೈಟಿನ ವಿಷಯ ಬಿಟ್ಟು. ಅದು ಬೇಡ. ಕೇಂದ್ರ ಮೋಟಾರು ವಾಹನ ನಿಯಮ 108ರ ಪ್ರಕಾರ ಮುಂದಕ್ಕೆ ಕೆಂಪು ಲೈಟು ತೋರಿಸೋ ಹಾಗಿಲ್ಲ. ಮಂತ್ರಿಗಳ ಕೆಂಪು ದೀಪವನ್ನೇ 2017ರ ಮೇ 1ರಿಂದ ತೆಗೆಸಿದರು, ನಮ್ಮದನ್ನ ಬಿಡ್ತಾರಾ. ಹೊರಗೆ ಸ್ಪೀಕರ್ ಇಟ್ಟು ಲೇಸರ್ ಗನ್ ಸೌಂಡ್ ಮಾಡೋ ಯೋಚನೆ ಇದ್ದರೆ ಅದೂ ಬೇಡ, ನಿಯಮ 119 ಬೇರೆ ಬೇರೆ ಸ್ವರದ ಹಾರನ್ನು, ಕರ್ಕಶ ಶಬ್ದದ ಸಾಧನ ಎರಡನ್ನೂ ಬೇಡ ಅನ್ನುತ್ತೆ. ಮೋಟಾರು ವಾಹನ ಕಾಯ್ದೆಗೆ 2019ರ ತಿದ್ದುಪಡಿ ಆದಮೇಲೆ ಕಾನೂನಿಗೆ ವಿರುದ್ಧವಾಗಿ ಗಾಡಿ ಬದಲಾಯಿಸಿದ ಮಾಲೀಕರಿಗೆ ಒಂದೊಂದು ಬದಲಾವಣೆಗೆ 5,000 ದಂಡ, ಆರು ತಿಂಗಳ ತನಕ ಜೈಲು ಕೂಡ ಇದೆ.

ಒಳಗಡೆ ವಿಷಯ ಬೇರೆ. ಅದೇ ಕಾಯ್ದೆಯ ಸೆಕ್ಷನ್ 52 ಮಾತಾಡೋದು ಗಾಡಿಯ ಮೂಲ ಲಕ್ಷಣವೇ ಬದಲಾಗೋ ಥರದ ರಚನೆಯ ಬದಲಾವಣೆ ಬಗ್ಗೆ. ಡ್ಯಾಶ್ ಮೇಲೆ ನಾಲ್ಕು ಸ್ವಿಚ್ಚು, ಕಾಲ ಬಳಿ ಸಣ್ಣ ಲೈಟು ಹಾಕಿದರೆ ಆ ಲೆಕ್ಕಕ್ಕೆ ಬರಲ್ಲ ಅಂತ ನನ್ನ ಅಭಿಪ್ರಾಯ. ಆದರೆ ಒರಿಜಿನಲ್ ಸ್ಪೀಡೋಮೀಟರ್ ಕೀಳಬೇಡಿ, ಡಿಜಿಟಲ್ ಅದರ ಪಕ್ಕದಲ್ಲಿ ಇರಲಿ.

ಇನ್ನೊಂದು. ನಿಮ್ಮದು 15 ವರ್ಷ ದಾಟಿದ ಗಾಡಿ, ಐದು ವರ್ಷಕ್ಕೊಮ್ಮೆ ಆರ್‌ಟಿಓಗೆ ತಗೊಂಡು ಹೋಗಲೇಬೇಕು ಅಲ್ವಾ. ಎಲ್ಲವನ್ನೂ ಕನೆಕ್ಟರ್ ಮೇಲೆ ಮಾಡಿ, ಅರ್ಧ ಗಂಟೆಯಲ್ಲಿ ಬಿಚ್ಚಿ ಡಬ್ಬಕ್ಕೆ ಹಾಕೋ ಹಾಗಿರಲಿ.

ಹಳೇ_ಎಂಟುನೂರು, ಹಾಸನ

ಇಬ್ಬರಿಗೂ ಥ್ಯಾಂಕ್ಸ್. ಗ್ರಿಲ್ ಲೈಟು ಬಿಡೋಕೆ ಮನಸ್ಸೇ ಇಲ್ಲ, ಇಡೀ ಪ್ರಾಜೆಕ್ಟ್ ಶುರುವಾಗಿದ್ದೇ ಅದರಿಂದ. ನಿಲ್ಲಿಸಿದಾಗ ಮಾತ್ರ ಉರಿಸಿದರೆ? ಇಲ್ಲಾಂದ್ರೆ ಬಣ್ಣ ಬದಲಾಯಿಸಿದರೆ?

ವಕೀಲ_ಅಲ್ಲ, ತುಮಕೂರು

ಮನೆ ಕಾಂಪೌಂಡ್ ಒಳಗೆ ಏನು ಬೇಕಾದರೂ ಉರಿಸಿ. ರಸ್ತೆಗೆ ಬರುವಾಗ ಅದು ಗಾಡಿಯಲ್ಲಿ ಇರಲೇಬಾರದು. "ಸಾರ್, ಆಫ್ ಮಾಡಿದ್ದೀನಿ" ಅಂತ ರಸ್ತೆ ಬದಿ ವಾದ ಮಾಡೋಕೆ ನಿಮಗೆ ಪುರುಸೊತ್ತು ಇದ್ದರೆ ನಿಮ್ಮಿಷ್ಟ. ಬಣ್ಣ ಬದಲಾಯಿಸಿದರೂ ಮುಂದೆ ಓಡಾಡೋ ಲೈಟು ಎದುರಿನವರ ಗಮನ ಎಳೆಯುತ್ತೆ, ರಾತ್ರಿ ಹಾಸನ-ಸಕಲೇಶಪುರ ರಸ್ತೆಯಲ್ಲಿ ಎದುರಿಗೆ ಬರೋ ಲಾರಿಯವರಿಗೆ ಅದು ಬೇಕಾ?

ಎಸ್‌ಪಿ_ರೋಡ್_ಸುತ್ತೋನು, ಬೆಂಗಳೂರು

ಅದೇ ಲೈಟನ್ನ ಒಳಗೆ ತನ್ನಿ ಗುರು. ಗ್ಲೌ ಬಾಕ್ಸ್‌ನಿಂದ ಸ್ಟೇರಿಂಗ್ ತನಕ ಡ್ಯಾಶ್ ಅಡ್ಡಕ್ಕೆ ಒಂದು ಗೀಟಿನ ಹಾಗೆ. ಮುಂದೆ ಹಾಲುಬಿಳುಪಿನ ಅಕ್ರಿಲಿಕ್ ಪಟ್ಟಿ, ಎಲ್‌ಇಡಿಯಿಂದ ಒಂದೂವರೆ ಸೆಂಟಿಮೀಟರ್ ದೂರ ಇರಲಿ. ತೀರಾ ಹತ್ತಿರ ಇಟ್ಟರೆ ಚುಕ್ಕೆ ಚುಕ್ಕೆ ಕಾಣುತ್ತೆ. ಅದರ ಮೇಲೆ ಹೊಗೆಬಣ್ಣದ ಅಕ್ರಿಲಿಕ್ ಹಾಕಿದರೆ ಆರಿಸಿದಾಗ ಬರೀ ಕಪ್ಪು ಪಟ್ಟಿ. ಗಾಜಿನಲ್ಲಿ ಪ್ರತಿಬಿಂಬ ಬರದ ಹಾಗೆ ಸ್ವಲ್ಪ ಕೆಳಕ್ಕೆ ಓರೆ ಮಾಡಿ. ಮತ್ತೆ ಲೈಟಿಗೆ ಬಾಲ ಇರಬೇಕು: ಮುಂದಿನದು ಪೂರ್ತಿ ಬ್ರೈಟು, ಹಿಂದಿನವು ನಿಧಾನಕ್ಕೆ ಆರುತ್ತಾ ಬರಬೇಕು. ಅಂದ ಇರೋದೇ ಆ ಬಾಲದಲ್ಲಿ.

ಬೇಸ್_ಭೂತ, ಮೈಸೂರು

ಆಡಿಯೋ ಬಗ್ಗೆ ಯಾರೂ ಬಾಯಿ ಬಿಡ್ತಿಲ್ಲ, ನಾನು ಹೇಳ್ತೀನಿ.

ಮೊದಲು ಡಬ್ಬದ ಮೇಲಿನ "4×50 ವ್ಯಾಟ್" ನಂಬಬೇಡಿ. 14.4 ವೋಲ್ಟ್, 4 ಓಮ್ ಸ್ಪೀಕರ್. ವೋಲ್ಟಿನ ವರ್ಗವನ್ನ ಓಮಿಂದ ಭಾಗಿಸಿದರೆ ಸುಮಾರು 52 ಬರುತ್ತೆ. ಅದು ಆಂಪ್ಲಿಫೈಯರ್ ಪೂರ್ತಿ ಒಡೆದು ಚೌಕದ ಅಲೆ ಕೊಡುವಾಗ ಬರೋ ವ್ಯಾಟು, ಅದನ್ನ ಹಾಡು ಅನ್ನಲ್ಲ. ಶುದ್ಧವಾದ ದನಿಗೆ ಅದರ ಅರ್ಧ, 26 ಲೆಕ್ಕಕ್ಕೆ. ಕೈಗೆ ಸಿಗೋದು 20ರ ಹತ್ತಿರ. ಇದಕ್ಕಿಂತ ಜಾಸ್ತಿ ಬೇಕು ಅಂದರೆ ಆಂಪ್ಲಿಫೈಯರ್ ಒಳಗೆ ವೋಲ್ಟೇಜ್ ಏರಿಸೋ ಸರ್ಕ್ಯೂಟ್ ಇರಬೇಕು, ಅಥವಾ ಸ್ಪೀಕರ್ 2 ಓಮಿನದು ಇರಬೇಕು.

ಆದರೆ 800ರಂಥ ಸಣ್ಣ ಕ್ಯಾಬಿನ್‌ಗೆ 20 ವ್ಯಾಟ್ ಧಾರಾಳ. ನೀವೇ ಮಾಡೋದಾದರೆ ಟಿಪಿಎ3116 ಆಂಪ್ಲಿಫೈಯರ್ ಬೋರ್ಡು ತಗೊಳ್ಳಿ, ನೇರ ಕಾರಿನ ವೋಲ್ಟೇಜಿಗೆ ಓಡುತ್ತೆ, ಬಿಸಿಯೂ ಕಡಿಮೆ. ದುಡ್ಡು ಹಾಕಬೇಕಾದ ಜಾಗ ಬೇರೆ ಇದೆ. ಬಾಗಿಲ ಒಳತಗಡಿಗೆ ಬ್ಯುಟೈಲ್ ಅನ್ನೋ ರಬ್ಬರ್ ಶೀಟ್ ಅಂಟಿಸಿ, ದೊಡ್ಡ ತೂತುಗಳನ್ನ ಮುಚ್ಚಿ. ಸ್ಪೀಕರ್ ಹಿಂದಿನ ಗಾಳಿ ಮುಂದಿನ ಗಾಳಿ ಸೇರಿಬಿಟ್ಟರೆ ಬೇಸ್ ಅಲ್ಲೇ ಸಾಯುತ್ತೆ, ಎಷ್ಟು ವ್ಯಾಟ್ ಇದ್ದರೂ ಅಷ್ಟೆ. ಹಿಂದೆ ಪಾರ್ಸೆಲ್ ಟ್ರೇ ಮೇಲೆ ದೊಡ್ಡ ಓವಲ್ ಸ್ಪೀಕರ್ ಹಾಕೋ ಹಳೇ ಚಟ ಬಿಡಿ, ತಲೆ ಹಿಂದೆ ಹಾಡು ಕೇಳೋದು ಮದುವೆ ಛತ್ರದಲ್ಲಿ ಸ್ಪೀಕರ್ ಪಕ್ಕ ಊಟಕ್ಕೆ ಕೂತ ಹಾಗೆ. ಅದರ ಬದಲು ಡಿಕ್ಕಿಯಲ್ಲಿ ಎಂಟು ಇಂಚಿನ ವೂಫರ್, 18 ಮಿಲಿಮೀಟರ್ ಎಂಡಿಎಫ್‌ನಲ್ಲಿ ಮುಚ್ಚಿದ ಡಬ್ಬ.

ಎಂಜಿನ್ ಏರಿದ ಹಾಗೆ "ಕುಂಯ್" ಅಂತ ಸ್ವರ ಏರಿದರೆ ಅದು ಆಲ್ಟರ್ನೇಟರ್ ಶಬ್ದ. ಆಂಪ್ಲಿಫೈಯರಿಗೆ ಹಾಡಿನ ಸಿಗ್ನಲ್ ತರೋ ಆರ್‌ಸಿಎ ಕೇಬಲ್ ಕಿತ್ತು ನೋಡಿ. ನಿಂತರೆ ತೊಂದರೆ ಇರೋದು ಅದಕ್ಕಿಂತ ಮುಂಚೆ, ಹೆಚ್ಚಾಗಿ ಅರ್ಥಿಂಗಿನದು. ಎಲ್ಲದರ ಅರ್ಥ್ ಒಂದೇ ಬೋಲ್ಟಿಗೆ ತನ್ನಿ, ಬಣ್ಣ ಕೆರೆದು ಬರೀ ಲೋಹಕ್ಕೆ. ಪವರ್ ವೈರ್ ಒಂದು ಬದಿ, ಆಡಿಯೋ ವೈರ್ ಇನ್ನೊಂದು ಬದಿ.

ಕಡಲ_ತುಕ್ಕು, ಮಂಗಳೂರು

ಲೈಟಿಗೆ ಇಎಲ್ ವೈರ್ ಯಾರೂ ಹೇಳಿಲ್ಲ ಯಾಕೆ? ವೈರೇ ಉದ್ದಕ್ಕೂ ಬೆಳಗುತ್ತೆ, ನಿಯಾನ್ ಥರ ಸಣ್ಣ ಗೆರೆ, ಡ್ಯಾಶಿನ ಸಂದಿಯಲ್ಲಿ ಕೂರುತ್ತೆ. ಎಲ್‌ಇಡಿಗಿಂತ ಅದೇ ನಿಜವಾದ ಗಗನನೌಕೆ.

ಇನ್ನೊಂದು ವಿಷಯ, ಬಿಸಿಲು. ಬಿಸಿಲಲ್ಲಿ ನಿಲ್ಲಿಸಿದ ಕಾರಿನ ಡ್ಯಾಶ್ 70 ಡಿಗ್ರಿ ದಾಟುತ್ತೆ. 3ಡಿ ಪ್ರಿಂಟ್ ಮಾಡಿಸೋದಾದರೆ ಪಿಎಲ್‌ಎ ಪ್ಲಾಸ್ಟಿಕ್ ಬೇಡ, 60ಕ್ಕೇ ಬಗ್ಗುತ್ತೆ. ಎಬಿಎಸ್ ಅಥವಾ ಎಎಸ್‌ಎ ಮಾಡಿಸಿ. ಗ್ಲೂ ಗನ್ ಅಂಟೂ ಬಿಡುತ್ತೆ. ಲಿಥಿಯಂ ಸೆಲ್ ಅಂತೂ ಒಳಗೆ ಇಡಲೇಬೇಡಿ.

ಎಸ್‌ಪಿ_ರೋಡ್_ಸುತ್ತೋನು, ಬೆಂಗಳೂರು

ಇಎಲ್ ವೈರ್ ನೋಡೋಕೆ ಚೆಂದ, ಒಪ್ಪಿದೆ. ಆದರೆ ಅದರ ಇನ್ವರ್ಟರ್ ನೂರು ವೋಲ್ಟಿನ ಆಸುಪಾಸು ಏಸಿ ಮಾಡುತ್ತೆ, ಕಿವಿಗೆ ಸಣ್ಣ ಸಿಳ್ಳೆ ಕೇಳುತ್ತೆ, ರೇಡಿಯೋದಲ್ಲೂ ಗೊರಗೊರ ಬರುತ್ತೆ. ಬೇಸ್ ಭೂತ ಅಷ್ಟು ಕಷ್ಟಪಟ್ಟು ಶಬ್ದ ಕಡಿಮೆ ಮಾಡಿಸಿದಮೇಲೆ ಇದನ್ನ ತಂದು ಹಾಕೋದಾ? ಉರಿಸಿದಷ್ಟೂ ಮಂಕಾಗುತ್ತೆ ಬೇರೆ.

ಕಡಲ_ತುಕ್ಕು, ಮಂಗಳೂರು

ನಮ್ಮ ಊರಲ್ಲಿ ಅದು ಮಂಕಾಗೋ ಮುಂಚೆ ಕನೆಕ್ಟರ್ರೇ ತುಕ್ಕು ಹಿಡಿಯುತ್ತೆ ಮಾರಾಯ್ರೆ, ಹಾಗಾಗಿ ಲೆಕ್ಕ ಸರಿಹೋಗುತ್ತೆ.

ಅಕ್ಷರ_ಪಿಕ್ಸೆಲ್, ಧಾರವಾಡ

ಸ್ಪೀಡೋಮೀಟರಿಗೆ ಕನ್ನಡ ಅಂಕಿ ಹಾಕಿ! ಅಷ್ಟು ಚೆಂದದ ೦ ೧ ೨ ೩ ಇಟ್ಟುಕೊಂಡು ಎಲ್ಲರ ಹಾಗೆ ಇಂಗ್ಲಿಷ್ ಅಂಕಿ ಯಾಕೆ? ಏಳು ಗೀಟಿನ ಡಿಸ್‌ಪ್ಲೇಯಲ್ಲಿ ಸರಿ ಬರಲ್ಲ, 128×64 ಚುಕ್ಕೆಯ ಓಎಲ್‌ಇಡಿ ತಗೊಳ್ಳಿ. ಪೂರ್ತಿ ಕನ್ನಡ ಪದ ತೋರಿಸೋದು ಈ ಪುಟ್ಟ ಬೋರ್ಡುಗಳಿಗೆ ಕಷ್ಟ, ಒತ್ತಕ್ಷರ ಜೋಡಿಸೋಕೆ ಅವಕ್ಕೆ ಬರಲ್ಲ. "ಸ್ಪೀಡ್" ಅಂತ ಬರೆಯೋಕೆ ಹೋದರೆ ಸ, ಪ ಎಲ್ಲಾ ದಿಕ್ಕಾಪಾಲು. ಆದರೆ ಅಂಕಿ ಇರೋದು ಹತ್ತೇ. ಹತ್ತು ಚಿತ್ರ ಬರೆದು ಬಿಟ್‌ಮ್ಯಾಪ್ ಮಾಡಿ ಇಟ್ಟರೆ ಮುಗೀತು. ಬೇಕಾದ ನಾಲ್ಕೈದು ಪದಗಳನ್ನೂ ಹಾಗೇ ಚಿತ್ರ ಮಾಡಿ.

ಸ್ಪೀಡಿಗೆ ಜಿಪಿಎಸ್ ಸುಲಭ, ನಿಯೋ-6ಎಂ ಮಾಡ್ಯೂಲ್. ಅದು ಸುಮ್ನೆ ಬಿಟ್ಟರೆ ಸೆಕೆಂಡಿಗೆ ಒಂದೇ ಸಲ ಹೇಳುತ್ತೆ, ಅಂಕಿ ಕುಂಟುತ್ತಾ ಬರುತ್ತೆ. ಸೆಟ್ಟಿಂಗ್ ಬದಲಾಯಿಸಿ ಐದು ಸಲಕ್ಕೆ ಏರಿಸಿ. ಆರ್‌ಪಿಎಂ ಬೇಕು ಅಂತ ಇಗ್ನಿಷನ್ ಕಾಯಿಲ್‌ಗೆ ನೇರ ವೈರ್ ಕೊಡಬೇಡಿ, ಅಲ್ಲಿ ನೂರಾರು ವೋಲ್ಟ್ ಏಳುತ್ತೆ.

ದನಿಗೆ ಡಿಎಫ್‌ಪ್ಲೇಯರ್ ಮಿನಿ ಅನ್ನೋ ಪುಟ್ಟ ಬೋರ್ಡು. ಮೆಮೊರಿ ಕಾರ್ಡಲ್ಲಿ ಎಂಪಿ3 ಹಾಕಿದರೆ ಸಾಕು. ಫೋನಲ್ಲಿ ರೆಕಾರ್ಡ್ ಮಾಡಿ, ಆಡಾಸಿಟಿ ಅನ್ನೋ ಸಾಫ್ಟ್‌ವೇರಲ್ಲಿ ಟ್ರೆಮೊಲೊ ಎಫೆಕ್ಟ್ 30 ಹರ್ಟ್ಸ್ ಇಟ್ಟು ನೋಡಿ, ಯಾರ ದನಿಯಾದರೂ ರೋಬೋ ಆಗುತ್ತೆ. ಹೆಚ್ಚು ಮಾತಾಡಿಸಬೇಡಿ. ಮೊದಲ ವಾರ ಮಜಾ, ಆಮೇಲೆ ಪಕ್ಕದಲ್ಲಿ ಕೂತವರು "ಇದನ್ನ ಸುಮ್ನಿರಿಸು" ಅಂತಾರೆ. ಬಾಯಿಮುಚ್ಚೋಕೆ ಒಂದು ಸ್ವಿಚ್ಚು ಕಡ್ಡಾಯ.

ಹಳೇ_ಎಂಟುನೂರು, ಹಾಸನ

ಅಕ್ಕ, ಕನ್ನಡ ಅಂಕಿ ಐಡಿಯಾ ಸೂಪರ್, ಅದೇ ಫೈನಲ್. ಸ್ಕ್ಯಾನರ್ ಲೈಟು ಒಳಗೆ ತರ್ತೀನಿ. ಒಂದೇ ಒಂದು ಡೌಟು ಉಳಿದಿದೆ. ಮನೆಯಲ್ಲಿ ಇನ್ನೊಂದು 12 ವೋಲ್ಟ್ ಬಿಳಿ ಸ್ಟ್ರಿಪ್ ಇದೆ, ಸಾಮಾನ್ಯದ್ದು. ಕಾಲ ಬಳಿ ಬೆಳಕಿಗೆ ಅದನ್ನ ನೇರ ಕೊಡಬಹುದಾ? ಮತ್ತೆ ಕೀ ತಿರುಗಿಸಿದಾಗ ಅಲ್ಲ, ಎಂಜಿನ್ ನಿಜವಾಗಿ ಸ್ಟಾರ್ಟ್ ಆದಮೇಲೆ ಮಾತ್ರ ದನಿ ಬರಬೇಕು. ಅದು ಬೋರ್ಡಿಗೆ ಹೇಗೆ ಗೊತ್ತಾಗುತ್ತೆ?

ಎಸ್‌ಪಿ_ರೋಡ್_ಸುತ್ತೋನು, ಬೆಂಗಳೂರು

ನೇರ ಕೊಡಬೇಡಿ. ಆ ಸ್ಟ್ರಿಪ್ಪಲ್ಲಿ ಮೂರು ಮೂರು ಎಲ್‌ಇಡಿ ಒಂದು ಗುಂಪು, ಅವು ಸುಮಾರು 9.6 ವೋಲ್ಟ್ ತಿನ್ನುತ್ತವೆ, ಉಳಿದ 2.4 ರೆಸಿಸ್ಟರ್ ಮೇಲೆ. ಎಂಜಿನ್ ಓಡುವಾಗ 14.4 ಬಂದರೆ ರೆಸಿಸ್ಟರ್ ಮೇಲೆ 4.8. ಅಂದರೆ ಕರೆಂಟ್ ಡಬಲ್. ಇನ್ನೊಂದು ಎಲ್‌ಎಂ2596 ತಗೊಂಡು 11 ವೋಲ್ಟಿಗೆ ಇಳಿಸಿ ಕೊಡಿ. ಕಾಲ ಬಳಿ ಅಷ್ಟು ಬೆಳಕು ಸಾಕು.

ಎಂಜಿನ್ ಸ್ಟಾರ್ಟ್ ತಿಳಿಯೋಕೆ ಸೆನ್ಸರ್ ಬೇಡ. ಬ್ಯಾಟರಿ ವೋಲ್ಟೇಜನ್ನ 100 ಕಿಲೋ ಓಮ್, 22 ಕಿಲೋ ಓಮ್ ಎರಡು ರೆಸಿಸ್ಟರಲ್ಲಿ ಭಾಗ ಮಾಡಿ ಇಎಸ್‌ಪಿ32 ಅನಲಾಗ್ ಪಿನ್ನಿಗೆ ಕೊಡಿ. 14.4 ಇದ್ದಾಗ ಪಿನ್ನಲ್ಲಿ 2.6 ಬರುತ್ತೆ, ಅಪಾಯ ಇಲ್ಲ. 13.2 ದಾಟಿ ಮೂರು ಸೆಕೆಂಡ್ ನಿಂತರೆ ಆಲ್ಟರ್ನೇಟರ್ ಚಾರ್ಜ್ ಮಾಡ್ತಿದೆ ಅಂತ ಅರ್ಥ, ಆಗ ದನಿ ಬಿಡಿ. ರಾತ್ರಿ ಹೆಡ್‌ಲೈಟ್ ಹಾಕಿಕೊಂಡು ಐಡಲ್‌ನಲ್ಲಿ ನಿಂತಾಗ ಇದು 13ರ ಕೆಳಗೆ ಇಳಿಯಬಹುದು, ಹಾಗಾಗಿ ಒಂದು ಸಲ ಮಾತಾಡಿದಮೇಲೆ ಕೀ ತೆಗೆಯೋ ತನಕ ಮತ್ತೆ ಮಾತಾಡದ ಹಾಗೆ ಕೋಡಲ್ಲಿ ಬರೆಯಿರಿ. ಇಲ್ಲ ಅಂದರೆ ಒಂದೊಂದು ಸಿಗ್ನಲ್ಲಲ್ಲೂ ಸ್ವಾಗತ ಕೋರುತ್ತೆ.