ಅಣ್ಣನಿಗೆ ಕನ್ನಡದ ಎ.ಎ. ಮೀಟಿಂಗ್ ಬೇಕು, ಹೋಗಿ ಬಂದವರು ಹೇಳಿ

ಕೇಳಿದವರು, ತುಮಕೂರು: ನಮ್ಮಣ್ಣ ಕುಡಿತ ಬಿಡಿಸುವ ಚಿಕಿತ್ಸೆ ಮುಗಿಸಿ ಆಸ್ಪತ್ರೆಯಿಂದ ಮನೆಗೆ ಬಂದಿದ್ದಾನೆ. ಡಾಕ್ಟರು ಆಲ್ಕೊಹಾಲಿಕ್ಸ್ ಅನಾನಿಮಸ್ (ಎ.ಎ.) ಮೀಟಿಂಗ್‌ಗೆ ಹೋಗಲಿ ಅಂದರು, ಕುಡಿತ ಬಿಡಲು ಒಬ್ಬರಿಗೊಬ್ಬರು ನೆರವಾಗುವವರ ಗುಂಪಂತೆ. ಎಲ್ಲಿ, ಯಾವತ್ತು ಅಂತ ಹೇಳಲಿಲ್ಲ. ಅಣ್ಣನಿಗೆ ಇಂಗ್ಲಿಷ್ ಬರುವುದಿಲ್ಲ. ಊರಿಗೆಲ್ಲ ಗೊತ್ತಾಗುತ್ತದೆ ಅಂತ ಹೆದರಿಕೆ ಬೇರೆ. 'ಅದು ಚರ್ಚಿನವರದ್ದು' ಅಂತ ಅಮ್ಮನ ತಕರಾರು. ಹೇಗೆ ಹುಡುಕುವುದು?

ಬೆಂಗಳೂರಿನಿಂದ, ಕುಡಿತ ಬಿಟ್ಟವರು: ಮೊದಲು ಅಮ್ಮನಿಗೆ ಉತ್ತರ. ಇಲ್ಲಿ ಎಷ್ಟೋ ಗ್ರೂಪುಗಳು ಚರ್ಚಿನ ಹಾಲ್‌ನಲ್ಲೋ ಶಾಲೆಯ ಕೋಣೆಯಲ್ಲೋ ಸೇರುತ್ತವೆ. ಸಂಜೆ ಹೊತ್ತು ಜಾಗ ಸಿಗುತ್ತದೆ, ಅಷ್ಟೇ. ಎ.ಎ. ಯಾವ ಧರ್ಮದ್ದೂ ಅಲ್ಲ. 1935ರಲ್ಲಿ ಅಮೆರಿಕದ ಆಕ್ರನ್‌ನಲ್ಲಿ ಷೇರುಪೇಟೆಯ ಒಬ್ಬ, ಸರ್ಜನ್ ಒಬ್ಬ, ಇಬ್ಬರೂ ಕುಡಿತಕ್ಕೆ ಸಿಕ್ಕಿದವರೇ, ಎದುರು ಬದುರು ಕೂತು ಮಾತಾಡಿದ್ದರಿಂದ ಶುರುವಾಯಿತು. ಕುಡಿತ ಬಿಡಲು ಎ.ಎ.ಯವರು ಅನುಸರಿಸುವ 12 ಹೆಜ್ಜೆಗಳಲ್ಲಿ ದೇವರ ಹೆಸರು ಬರುವುದು ನಿಜ. ಆದರೆ ಅವರವರಿಗೆ ತಿಳಿದ ದೇವರು. ನಮ್ಮಲ್ಲಿ ಒಬ್ಬರಿಗೆ ಮಂಜುನಾಥ, ಇನ್ನೊಬ್ಬರಿಗೆ ಅಲ್ಲಾ. ನನಗೆ ಆ ಗ್ರೂಪೇ ಸಾಕು.

ಹುಡುಕುವ ದಾರಿ ಹೀಗೆ. ಎ.ಎ.ಯ ಭಾರತದ ವೆಬ್‌ಸೈಟಿನಲ್ಲಿ ಹೆಲ್ಪ್‌ಲೈನ್ ಇದೆ. ಫೋನ್ ಎತ್ತುವವರೂ ಒಂದು ಕಾಲದಲ್ಲಿ ಕುಡಿದವರೇ. 'ಕನ್ನಡದಲ್ಲಿ ಮಾತಾಡುವ ಗ್ರೂಪ್ ಬೇಕು' ಅಂತ ಬಾಯಿಬಿಟ್ಟು ಕೇಳಿ. ಪಟ್ಟಿ ನೋಡಿ ಸೀದಾ ಹೊರಟುಬಿಡಬೇಡಿ. ಜಾಗ, ಸಮಯ ಬದಲಾಗುತ್ತಿರುತ್ತವೆ. ಹೊರಡುವ ದಿನ ಬೆಳಗ್ಗೆ ಇನ್ನೊಂದು ಫೋನ್ ಮಾಡಿ. ಸಾಧ್ಯವಾದರೆ ಅಣ್ಣನೇ ಮಾತಾಡಲಿ. ಬಸ್‌ಸ್ಟಾಪಿಗೆ ಬಂದು ಕರೆದುಕೊಂಡು ಹೋಗುವವರೂ ಇರುತ್ತಾರೆ. ಓಪನ್ ಮೀಟಿಂಗ್ ಅಂದರೆ ನೀವೂ ಜೊತೆಗೆ ಕೂರಬಹುದು. ಕ್ಲೋಸ್ಡ್ ಅಂದರೆ ಕುಡಿತ ಬಿಡಬೇಕು ಅನ್ನುವವರು ಮಾತ್ರ.

ಫೀಸು ಇಲ್ಲ. ಕೊನೆಗೆ ಚಂದಾ ಎತ್ತುತ್ತಾರೆ, ಹೊಸಬರು ಹಾಕಲೇಬೇಕೆಂದಿಲ್ಲ. ಪೂರ್ತಿ ಹೆಸರು, ಜಾತಿ, ಕೆಲಸ ಯಾರೂ ಕೇಳುವುದಿಲ್ಲ. ಮೊದಲ ದಿನ ಸುಮ್ನೆ ಕೂತು ಕೇಳಿದರೂ ಆಯಿತು. ಒಬ್ಬರು ಮಾತಾಡುವಾಗ ಮಧ್ಯೆ ಬಾಯಿ ಹಾಕುವಂತಿಲ್ಲ, ಬುದ್ಧಿವಾದವೂ ಇಲ್ಲ. ಊರಿನವರ ಹೆದರಿಕೆ ಜಾಸ್ತಿಯಿದ್ದರೆ ಮೊದಮೊದಲು ಬೆಂಗಳೂರಿಗೇ ಬಂದು ಹೋಗಲಿ. 70 ಕಿಲೋಮೀಟರ್, ರೈಲಿದೆ. ಒಂದು ಗ್ರೂಪು ಹಿಡಿಸದಿದ್ದರೆ ಇನ್ನೊಂದಕ್ಕೆ ಹೋಗಲಿ. ಒಂದರಲ್ಲಿ ಎಲ್ಲ ವಯಸ್ಸಾದವರು, ಇನ್ನೊಂದರಲ್ಲಿ ಅರ್ಧ ತಮಿಳು, ಮತ್ತೊಂದರಲ್ಲಿ ಆಟೋ ಓಡಿಸುವವರಿಂದ ಹಿಡಿದು ಬ್ಯಾಂಕಿನವರ ತನಕ. ಒಂದನ್ನು ನೋಡಿ 'ಎ.ಎ. ನನಗಲ್ಲ' ಅನ್ನುವುದು ನನ್ನ ಪ್ರಕಾರ ಅವಸರ.

ಡಿ-ಅಡಿಕ್ಷನ್ ವಾರ್ಡಿನ ನರ್ಸ್, ಮೈಸೂರು: ಅಣ್ಣ ದಾಖಲಾಗಿದ್ದ ಆಸ್ಪತ್ರೆಯ ಸೋಷಿಯಲ್ ವರ್ಕರ್‌ನ ಕೇಳಿ. ವಾರ್ಡಿಗೇ ಎ.ಎ.ಯವರು ಬಂದು ಮಾತಾಡಿಸುವುದುಂಟು, ನಂಬರ್ ಅವರ ಹತ್ತಿರ ಇರುತ್ತದೆ. ಮೀಟಿಂಗ್ ಶುರುವಾಯಿತು ಅಂತ ಮಾತ್ರೆ ನಿಲ್ಲಿಸಬೇಡಿ. ಮತ್ತೆ ದಿನಾ ಕುಡಿಯಲು ಶುರು ಮಾಡಿದರೆ ಮನೆಯಲ್ಲಿ ಕೂಡಿಹಾಕಿ ಒಮ್ಮೆಲೇ ಬಿಡಿಸಬೇಡಿ. ನಡುಕ, ಫಿಟ್ಸ್, ಇಲ್ಲದ್ದು ಕಾಣಿಸುವುದು, ಎಲ್ಲ ಮೊದಲ ಎರಡು ಮೂರು ದಿನದಲ್ಲೇ ಬರಬಹುದು. ಜೀವಕ್ಕೇ ಅಪಾಯ. ಆಗ ಆಸ್ಪತ್ರೆಯೇ ಸರಿ. ಕಾಫಿಯಲ್ಲಿ ಗೊತ್ತಾಗದ ಹಾಗೆ ಪುಡಿ ಬೆರೆಸಿ ಅನ್ನುವವರ ಮಾತು ಕೇಳಲೇಬೇಡಿ. ಆ ಪುಡಿಯಲ್ಲಿ ಡೈಸಲ್ಫಿರಾಮ್ (ಕುಡಿದರೆ ಮೈಗೆ ಆಗದಂತೆ ಮಾಡುವ ಔಷಧಿ) ಇದ್ದರೆ, ಗೊತ್ತಿಲ್ಲದೆ ಮೇಲೆ ಕುಡಿದವರ ಬಿ.ಪಿ. ಕುಸಿಯುತ್ತದೆ. ರಾತ್ರಿ ಯಾರೂ ಸಿಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416. ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ.

ಬೆಳ್ತಂಗಡಿಯಿಂದ: ಎ.ಎ. ಹತ್ತಿರದಲ್ಲಿ ಸಿಗದಿದ್ದರೆ ಇದನ್ನೂ ನೋಡಿ. ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆ ಮತ್ತು ಜನಜಾಗೃತಿ ವೇದಿಕೆಯವರು ಮದ್ಯವರ್ಜನ ಶಿಬಿರ ನಡೆಸುತ್ತಾರೆ. ಶಿಬಿರ ಮುಗಿಸಿದವರದ್ದು ಆಮೇಲೆ ನವಜೀವನ ಸಮಿತಿ ಅಂತ ಆಗುತ್ತದೆ, ಆಗಾಗ ಸೇರುತ್ತೇವೆ. ನಿಮ್ಮ ತಾಲೂಕಿನ ಯೋಜನಾ ಕಚೇರಿಯಲ್ಲಿ ವಿಚಾರಿಸಿ. ಒಂದು ವ್ಯತ್ಯಾಸ ಹೇಳಿಬಿಡುತ್ತೇನೆ. ಇಲ್ಲಿ ಗುಟ್ಟು ಇಲ್ಲ. ಭಜನೆ ಇದೆ, ಮನೆಯವರು ಬರುತ್ತಾರೆ, ಇಡೀ ಊರಿಗೆ ಗೊತ್ತಿರುತ್ತದೆ. ನನಗೆ ಅದೇ ಒಳ್ಳೆಯದಾಯಿತು. 'ಬಾ ಮಾರಾಯ, ಒಂದೇ ಒಂದು' ಅಂತ ಕರೆಯುವವರೇ ಇಲ್ಲವಾದರು. ನಿಮ್ಮಣ್ಣನಿಗೆ ಊರಿನ ಹೆದರಿಕೆ ಇದ್ದರೆ ಎ.ಎ.ಯೇ ಹೊಂದುತ್ತದೋ ಏನೋ.

ದಾವಣಗೆರೆಯಿಂದ, ಕುಡಿತಕ್ಕೆ ಸಿಕ್ಕಿದವರೊಬ್ಬರ ಹೆಂಡತಿ: ತಂಗೀ, ಅಣ್ಣನಿಗೆ ಹುಡುಕುವಾಗ ನಿಮಗೂ ಒಂದು ಹುಡುಕಿಕೊಳ್ಳಿ. ಮನೆಯವರಿಗೆ ಅಲ್-ಅನಾನ್ ಅಂತ ಬೇರೆ ಮೀಟಿಂಗ್ ಇದೆ. ಎ.ಎ. ಶುರು ಮಾಡಿದ ಇಬ್ಬರಲ್ಲಿ ಒಬ್ಬರಾದ ಬಿಲ್ ಅವರ ಹೆಂಡತಿ ಲೋಯಿಸ್, ಇನ್ನೊಬ್ಬ ಹೆಂಗಸಿನ ಜೊತೆ ಸೇರಿ 1951ರಲ್ಲಿ ಕಟ್ಟಿದ್ದು. ನಾನು ಆನ್‌ಲೈನಿನಲ್ಲಿ ಕೂರುತ್ತೇನೆ, ಕ್ಯಾಮೆರಾ ಆಫ್ ಮಾಡಿಕೊಂಡು. ಇವರು ಮನೆಗೆ ಬಂದ ಕೂಡಲೇ ಬಾಯಿ ಮೂಸಿ ನೋಡುವುದು, ಜೇಬು ತಡಕುವುದು, ಸ್ಕೂಟರ್ ಡಿಕ್ಕಿ ತೆಗೆಯುವುದು, ಇದೇ ನನ್ನ ಕೆಲಸ ಆಗಿಹೋಗಿತ್ತು. ಈಗ ಬಿಟ್ಟಿದ್ದೇನೆ. ಅವರು ಮೀಟಿಂಗ್‌ಗೆ ಹೋದರೋ ಇಲ್ಲವೋ ಅಂತ ಕೇಳುವುದೂ ಕಡಿಮೆ.

ಕೇಳಿದವರು: ಎಲ್ಲರಿಗೂ ಥ್ಯಾಂಕ್ಸ್. ಹೆಲ್ಪ್‌ಲೈನಿಗೆ ಅಣ್ಣನ ಕೈಲೇ ಫೋನ್ ಮಾಡಿಸುತ್ತೇನೆ. ಒಂದು ವೇಳೆ ಮೀಟಿಂಗ್ ದಿನವೇ ಕುಡಿದುಬಿಟ್ಟರೆ? ಕಳಿಸಬೇಕಾ, ಬೇಡವಾ?

ಬೆಂಗಳೂರಿನಿಂದ: ಕಳಿಸಿ, ಆದರೆ ಒಬ್ಬನನ್ನೇ ಬೇಡ. ಗಲಾಟೆ ಮಾಡದಿದ್ದರೆ ಸಾಮಾನ್ಯವಾಗಿ ಯಾರೂ ಎಬ್ಬಿಸಿ ಕಳಿಸುವುದಿಲ್ಲ. ಇವತ್ತು ಮಾತಾಡಬೇಡಿ, ಕೇಳಿ ಅನ್ನುತ್ತಾರೆ ಅಷ್ಟೇ. ಮೀಟಿಂಗ್ ಮುಗಿಸಿ ಹೊರಡುವ ಮೊದಲು ಗ್ರೂಪಿನ ಯಾರಾದರೂ ಒಬ್ಬರ ನಂಬರ್ ಇಸಿದುಕೊಳ್ಳಲಿ, ಮಾರನೇ ದಿನ ಬೆಳಗ್ಗೆ ಮಾತಾಡಲು ಬೇಕಾಗುತ್ತದೆ.