ಟೆಕ್ಸಾಸ್‌ನಲ್ಲಿ ಗವರ್ನರ್ ದೊಡ್ಡವರೋ, ಲೆಫ್ಟಿನೆಂಟ್ ಗವರ್ನರ್ ದೊಡ್ಡವರೋ?

ಡಲ್ಲಾಸ್_ರಾಯ: ಟೆಕ್ಸಾಸ್ ಗವರ್ನರ್ ಆಗಿದ್ದ ರಿಕ್ ಪೆರಿಯನ್ನ ‘ಅಮೆರಿಕದ ಅಧ್ಯಕ್ಷನಾಗೋಕೆ ಬುಷ್ ಬಿಟ್ಟ ಕುರ್ಚಿಯಲ್ಲಿ ಕೂತವ’ ಅನ್ನೋರಿಗೆ: 2000ದ ಡಿಸೆಂಬರ್‌ನಲ್ಲಿ ಲೆಫ್ಟಿನೆಂಟ್ ಗವರ್ನರ್ ಆಗಿದ್ದಕ್ಕೇ ಕುರ್ಚಿ ಸಿಕ್ಕಿತು, ಸರಿ. ಆಮೇಲೆ ಮೂರು ಚುನಾವಣೆ ಗೆದ್ದು 2015ರ ಜನವರಿವರೆಗೆ ಕೂತ. ಅಲ್ಲಿ ಗವರ್ನರ್ ನೇಮಿಸೋ ಬಹುಪಾಲು ಸರ್ಕಾರಿ ಮಂಡಳಿಗಳ ಸದಸ್ಯರ ಅವಧಿ 6 ವರ್ಷ, ಎರಡು ವರ್ಷಕ್ಕೊಮ್ಮೆ ಮೂರನೇ ಒಂದು ಭಾಗ ಖಾಲಿ. ಬೇರೆ ಗವರ್ನರ್‌ಗಳಿಗೆ ಹಿಡಿತ ಸಿಗೋಷ್ಟರಲ್ಲಿ ಅವಧಿ ಮುಗಿದಿರುತ್ತೆ. ಪೆರಿ ಕಾಲಕ್ಕೆ ಎಲ್ಲ ಕಡೆ ಅವನದೇ ಜನ.

ಕಡತಪ್ರಿಯ: ‘ಹಿಡಿತ’ವಂತೆ! 2007ರಲ್ಲಿ ಎಚ್‌ಪಿವಿ (ಗರ್ಭಕಂಠದ ಕ್ಯಾನ್ಸರ್ ತಡೆಯೋ) ಲಸಿಕೆ ಕಡ್ಡಾಯ ಅಂತ ಆದೇಶ ಹೊರಡಿಸಿದ. ಶಾಸನಸಭೆ ಕಾನೂನು ತಂದು ಅದನ್ನ ಹೊಸಕಿ ಹಾಕಿತು, ವೀಟೊ ಹಾಕೋ ಧೈರ್ಯವೂ ಬರಲಿಲ್ಲ. ಬೀಗದ ಕೈ ಇರೋದು ಸೆನೆಟ್, ಅಂದ್ರೆ ಮೇಲ್ಮನೆಯ ಅಧ್ಯಕ್ಷ ಪೀಠದಲ್ಲಿ. ಸಮಿತಿಗೆ ಯಾರು, ಯಾವ ಮಸೂದೆ ಯಾವ ಸಮಿತಿಗೆ, ಎಲ್ಲ ಲೆಫ್ಟಿನೆಂಟ್ ಗವರ್ನರ್ ಕೈಲಿ.

ಬಯಲುಸೀಮೆ: ಆ ‘ಬೀಗದ ಕೈ’ ಸಂವಿಧಾನ ಕೊಟ್ಟಿದ್ದಲ್ಲ ಸ್ವಾಮಿ. ಅದು ಕೊಟ್ಟಿದ್ದು ಅಧ್ಯಕ್ಷತೆ, ಸಮಬಲವಾದಾಗ ಒಂದು ಮತ, ಹೆಚ್ಚುಕಮ್ಮಿ ಅಷ್ಟೇ. ಉಳಿದದ್ದು ಸೆನೆಟ್‌ನ ನಿಯಮಾವಳಿ. ಅಲ್ಲಿರೋ 31 ಸೆನೆಟರ್‌ಗಳು ಮನಸ್ಸು ಮಾಡಿದರೆ ಅಧಿವೇಶನದ ಶುರುವಿನಲ್ಲೇ ಕಿತ್ಕೋಬಹುದು.

ಕಡತಪ್ರಿಯ: ‘ಕಿತ್ಕೋಬಹುದು’! ಡಮ್ಮಿ ಮಸೂದೆ ಆಟ ಗೊತ್ತಾ? ಪಾರ್ಕ್ ಅಂದಗೊಳಿಸೋ ಥರದ ಒಂದು ಮಸೂದೆಯನ್ನ ಪಟ್ಟಿಯ ತಲೆಗೆ ಕೂರಿಸಿ ಹಾಗೇ ಬಿಡ್ತಾರೆ. ಅದರ ಹಿಂದಿರೋ ಯಾವುದನ್ನ ಎತ್ತಬೇಕಾದರೂ ಸರದಿ ಮುರೀಬೇಕು, ಅದಕ್ಕೆ ಮೂರನೇ ಎರಡು ಭಾಗ, ಎಲ್ಲರೂ ಹಾಜರಿದ್ದರೆ 21 ಮತ. 2003ರ ಕ್ಷೇತ್ರ ಮರುವಿಂಗಡಣೆಗೆ ಮೊದಲ ವಿಶೇಷ ಅಧಿವೇಶನದಲ್ಲಿ ಅಷ್ಟು ಸಿಗಲಿಲ್ಲ. ಎರಡನೇದಕ್ಕೆ ಆಗಿನ ಲೆಫ್ಟಿನೆಂಟ್ ಗವರ್ನರ್ ಡ್ಯೂಹರ್ಸ್ಟ್ ಆ ಡಮ್ಮಿಯನ್ನೇ ಇಡಲಿಲ್ಲ. ಕಥೆ ಮುಗೀತು.

ಡಲ್ಲಾಸ್_ರಾಯ: ಎಲ್ಲಿ ‘ಮುಗೀತು’ ಮಾರಾಯ್ರೆ? ಅದನ್ನ ತಡೆಯೋಕೆ 11 ಡೆಮಾಕ್ರಾಟ್ ಸೆನೆಟರ್‌ಗಳು ಪಕ್ಕದ ನ್ಯೂ ಮೆಕ್ಸಿಕೋ ರಾಜ್ಯದ ಆಲ್ಬುಕರ್ಕಿಗೆ ಹೋಗಿ ಕೂತರು. ಕೋರಂಗೆ, ಅಂದ್ರೆ ಕಲಾಪ ನಡೆಸೋಕೆ, ಕನಿಷ್ಠ 21 ಜನ ಬೇಕು, ಉಳಿದದ್ದು 20. ಒಬ್ಬ ವಾಪಸ್ ಬಂದ ಮೇಲೆ ಪೆರಿ ಮೂರನೇ ಅಧಿವೇಶನ ಕರೆದ, ಆಗ ಪಾಸಾಯ್ತು. ವಿಶೇಷ ಅಧಿವೇಶನ ಕರೆಯೋದು, ಅದರ ವಿಷಯ ಗೊತ್ತುಮಾಡೋದು ಗವರ್ನರ್ ಒಬ್ಬರೇ.

ಕಡತಪ್ರಿಯ: ಕರೆಯೋಕೆ ಗಂಟೆ ಹೊಡೆಯೋನೂ ಸಾಕು.

ಬಯಲುಸೀಮೆ: 21 ಅಂತ ಜಪಿಸ್ತಿದ್ದೀರಲ್ಲ, 2015ರಲ್ಲಿ ಅದು 19 ಆಯ್ತು, 2021ರಲ್ಲಿ 18. ಬದಲಿಸಿದ್ದು ಸೆನೆಟರ್‌ಗಳ ಮತ. ಇದನ್ನೇ ನಾನು ಹೇಳಿದ್ದು.

ಕಡತಪ್ರಿಯ: ‘ಸೆನೆಟರ್‌ಗಳ ಮತ’ವೇ! ಮಾಡಿಸಿದ್ದು ಲೆಫ್ಟಿನೆಂಟ್ ಗವರ್ನರ್ ಡ್ಯಾನ್ ಪ್ಯಾಟ್ರಿಕ್. ಎರಡೂ ಸಲ ಡೆಮಾಕ್ರಾಟ್‌ರು ತಡೆಯೋಕಾಗದ ಲೆಕ್ಕಕ್ಕೇ ಇಳಿಸಿದ್ದು.

ಡಲ್ಲಾಸ್_ರಾಯ: ಲೆಕ್ಕ ನಿಮಗೇ ಇರಲಿ. ಕಲಾಪ ಮುಗಿದ ಮೇಲೂ ಗವರ್ನರಿಗೆ ವೀಟೊಗೆ 20 ದಿನ ಇರುತ್ತೆ, ಅದನ್ನ ಮುರಿಯೋಕೆ ಸದನವೇ ಕೂತಿರಲ್ಲ. ಇದಕ್ಕೆ ನಿಮ್ಮ ಪೀಠದ ಉತ್ತರ ಏನು?

ಬಯಲುಸೀಮೆ: ಮೊದಲು 18ಕ್ಕೆ ಉತ್ತರ ಕೊಡಲಿ.